ಬೇರಿಂಗ್ ಎಣ್ಣೆಯ ಲೆಕ್ಕ ಯಾಕೆ ಇಷ್ಟು ತಡವಾಯಿತು?

ಗ್ಯಾರೇಜಿನವರು ‘ಮೆಟಲ್’ ಎನ್ನುವ ಬೇರಿಂಗ್ ಚಿಪ್ಪಿಗೂ ಅದರೊಳಗೆ ಸುತ್ತುವ ಕ್ರ್ಯಾಂಕ್ ಶಾಫ್ಟಿಗೂ ಇಂಜಿನ್ ಓಡುವಾಗ ತಾಕಲಾಟ ಇರಕೂಡದು. ಎರಡರ ನಡುವೆ ಎಣ್ಣೆಯ ಪದರ ಇರುತ್ತದೆ. ಭಾರ ಹೆಚ್ಚಿದ ಕ್ಷಣದಲ್ಲಿ ಅದರ ದಪ್ಪ ಒಂದೆರಡು ಮೈಕ್ರಾನಿಗೆ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್), ಕೆಲವೊಮ್ಮೆ ಅದಕ್ಕೂ ಕೆಳಗೆ ಇಳಿಯುತ್ತದೆ. ಈ ಪದರದ ಸಮೀಕರಣ 1886ರಲ್ಲೇ ಸಿಕ್ಕಿತ್ತು. ಆದರೂ ಇಂಜಿನ್ ಬೇರಿಂಗಿಗೆ ನಂಬಬಹುದಾದ ಉತ್ತರ ಬರಲು ಹತ್ತಿರ ಹತ್ತಿರ ನೂರು ವರ್ಷ ಹಿಡಿಯಿತು. ಕಂಪ್ಯೂಟರ್ ಇರಲಿಲ್ಲ ಅನ್ನುವುದು ನಿಜ. ಆದರೆ ಅದಕ್ಕಿಂತ ದೊಡ್ಡ ತೊಡಕು, ಪದರ ಎಲ್ಲಿ ಒಡೆಯುತ್ತದೆ ಎಂಬುದೇ ತಿಳಿಯದಿದ್ದದ್ದು.

ಶುರುವಾಗಿದ್ದು ರೈಲು ಗಾಲಿಯ ಅಚ್ಚಿನ ಕಾಲದಲ್ಲಿ. ಇಂಗ್ಲೆಂಡಿನ ಮೆಕ್ಯಾನಿಕಲ್ ಇಂಜಿನಿಯರುಗಳ ಸಂಸ್ಥೆಗಾಗಿ ಬೀಚಮ್ ಟವರ್ ಘರ್ಷಣೆಯ ಪ್ರಯೋಗ ಮಾಡುತ್ತಿದ್ದರು. 4 ಇಂಚು ವ್ಯಾಸದ ಶಾಫ್ಟಿನ ಮೇಲೆ ಅರೆ ಬೇರಿಂಗ್, ಕೆಳಗೆ ಎಣ್ಣೆಯ ತೊಟ್ಟಿ. ಎಣ್ಣೆ ಬಿಡಲೆಂದು ಬೇರಿಂಗಿನ ನೆತ್ತಿಗೆ ತೂತು ಕೊರೆದರೆ, ಯಂತ್ರ ತಿರುಗಿದ ಕೂಡಲೇ ಆ ತೂತಿನಿಂದ ಎಣ್ಣೆ ಮೇಲಕ್ಕೆ ಉಕ್ಕಿತು. ಮರದ ಬಿರಡೆ ಬಡಿದರು, ಅದೂ ಹೊರಬಂತು. ಕೊನೆಗೆ ಒತ್ತಡದ ಮಾಪಕ ಕೂರಿಸಿದಾಗ ಮುಳ್ಳು ಚದರ ಇಂಚಿಗೆ 200 ಪೌಂಡಿನ ಗುರುತನ್ನು ದಾಟಿತು. ಬೇರಿಂಗಿನ ಮೇಲಿದ್ದ ಸರಾಸರಿ ಭಾರ ಚದರ ಇಂಚಿಗೆ 100 ಪೌಂಡ್ ಮಾತ್ರ. 1883ರ ಈ ವರದಿಯನ್ನು ಮ್ಯಾಂಚೆಸ್ಟರಿನ ಪ್ರೊಫೆಸರ್ ಆಸ್ಬೋರ್ನ್ ರೆನಾಲ್ಡ್ಸ್ ಹಿಡಿದುಕೊಂಡರು. ಕಿರಿದಾಗುತ್ತ ಹೋಗುವ ಸಂದಿಯೊಳಗೆ ಶಾಫ್ಟೇ ಎಣ್ಣೆಯನ್ನು ಎಳೆದು ತುಂಬುತ್ತದೆ, ಒತ್ತಡ ಹುಟ್ಟುವುದು ಹಾಗೆ ಎಂದು ಗಣಿತದಲ್ಲಿ ತೋರಿಸಿದರು.

ಸಂದಿ ಕಿರಿದಾಗುವ ಕಡೆ ಇದು ಸರಿ. ಅತಿ ಕಿರಿದಾದ ಜಾಗ ದಾಟಿ ಸಂದಿ ಮತ್ತೆ ಅಗಲವಾಗುವ ಕಡೆ ಏನಾಗುತ್ತದೆ? 1904ರಲ್ಲಿ ಜರ್ಮನಿಯ ಅರ್ನಾಲ್ಡ್ ಸೊಮ್ಮರ್‌ಫೆಲ್ಡ್ (ಮುಂದೆ ಪರಮಾಣು ಸಿದ್ಧಾಂತದಲ್ಲಿ ಹೆಸರು ಮಾಡಿದವರೇ) ತುಂಬ ಉದ್ದದ ಬೇರಿಂಗಿಗೆ ಸಮೀಕರಣವನ್ನು ಪೂರ್ತಿ ಬಿಡಿಸಿದರು. ಉತ್ತರವೇನೋ ಸೊಗಸಾಗಿತ್ತು. ಆದರೆ ಅದರ ಪ್ರಕಾರ ಒಂದು ಕಡೆ ಎಷ್ಟು ಒತ್ತಡವೋ ಇನ್ನೊಂದು ಕಡೆ ಅಷ್ಟೇ ಎಳೆತ. ಎಣ್ಣೆ ಅಷ್ಟು ಎಳೆತ ತಾಳುವುದಿಲ್ಲ; ಅದರಲ್ಲಿ ಕರಗಿದ ಗಾಳಿ ಗುಳ್ಳೆಯಾಗಿ ಹೊರಬಂದು ಪದರ ಎಳೆಎಳೆಯಾಗಿ ಸೀಳುತ್ತದೆ. ಗ್ಯುಂಬೆಲ್ ಎಂಬವರು ಮೈನಸ್ ಬಂದ ಭಾಗವನ್ನು ಸೀದಾ ಸೊನ್ನೆ ಮಾಡಿಬಿಟ್ಟರು. ಭಾರದ ಲೆಕ್ಕ ಸುಮಾರಾಗಿ ಹೊಂದಿತು, ಆದರೆ ಒಳಹೋದ ಎಣ್ಣೆಗೂ ಹೊರಬಂದ ಎಣ್ಣೆಗೂ ತಾಳೆಯಾಗಲಿಲ್ಲ. ಪದರ ಒಡೆಯುವ ಜಾಗದಲ್ಲಿ ಒತ್ತಡವೂ ಅದರ ಇಳಿಜಾರೂ (ಅದು ಜಾಗದಿಂದ ಜಾಗಕ್ಕೆ ಬದಲಾಗುವ ದರ) ಒಟ್ಟಿಗೆ ಸೊನ್ನೆಯಾಗಬೇಕು ಎಂದು 1930ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಸ್ವಿಫ್ಟ್, ಜರ್ಮನಿಯ ಸ್ಟೀಬರ್ ಬೇರೆಬೇರೆಯಾಗಿ ಹೇಳಿದರು.

ಒಡೆದದ್ದು ಮತ್ತೆ ಎಲ್ಲಿ ಕೂಡುತ್ತದೆ ಎಂಬ ಪ್ರಶ್ನೆ ಆಗಲೂ ಉಳಿಯಿತು. ಅದನ್ನು ಬಗೆಹರಿಸಿದವರು ಸ್ವೀಡನ್ನಿನವರು: 1957ರಲ್ಲಿ ಯಾಕೋಬ್ಸನ್ ಮತ್ತು ಫ್ಲೋಬರ್ಗ್, 1965ರಲ್ಲಿ ಓಲ್ಸನ್. ರೆನಾಲ್ಡ್ಸ್ ಹೆಸರಿಗೆ ಸಿಗುವ ಮರ್ಯಾದೆಯ ಕಾಲುಪಾಲೂ ಇವರಿಗೆ ಸಿಕ್ಕಿಲ್ಲ ಎಂಬುದು ನನ್ನ ದೂರು. ಅವರ ನಿಯಮಗಳನ್ನು ಕಂಪ್ಯೂಟರಿಗೆ ಒಗ್ಗುವ ವಿಧಾನವಾಗಿಸಿ ಅಮೆರಿಕದ ಎಲ್ರಾಡ್ ಪ್ರಕಟಿಸಿದ್ದು 1981ರಲ್ಲಿ.

ಇತ್ತ ಇಂಜಿನ್ ತಯಾರಕರು ಅಲ್ಲಿಯವರೆಗೆ ಕಾಯುವಂತಿರಲಿಲ್ಲ. ನಾಲ್ಕು ಸ್ಟ್ರೋಕಿನ ಇಂಜಿನ್ನಿನಲ್ಲಿ ಕ್ರ್ಯಾಂಕ್ 720 ಡಿಗ್ರಿ ತಿರುಗುವಷ್ಟರಲ್ಲಿ ಭಾರದ ಪ್ರಮಾಣವೂ ದಿಕ್ಕೂ ಬದಲಾಗುತ್ತಲೇ ಇರುತ್ತವೆ. ಪ್ರತಿ ಹೆಜ್ಜೆಗೂ ಹೊಸ ಲೆಕ್ಕ ಬೇಕು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಬೂಕರ್ 1965ರಲ್ಲಿ ಇದಕ್ಕೊಂದು ಜಾಣ ದಾರಿ ಕೊಟ್ಟರು. ಇಂಥ ಭಾರಕ್ಕೆ ಶಾಫ್ಟಿನ ಕೇಂದ್ರ ಎತ್ತ, ಎಷ್ಟು ವೇಗವಾಗಿ ಸರಿಯುತ್ತದೆ ಎಂಬುದನ್ನು ಮೊದಲೇ ನಕ್ಷೆ ಮಾಡಿಟ್ಟುಕೊಂಡು, ಆಮೇಲೆ ಅದರ ಜಾಡನ್ನು ಹಿಡಿದು ಹೋಗುವ ‘ಮೊಬಿಲಿಟಿ’ ವಿಧಾನ ಅದು. ಇಂಜಿನ್ ಬೇರಿಂಗುಗಳ ಅಗಲ ಸಾಮಾನ್ಯವಾಗಿ ವ್ಯಾಸಕ್ಕಿಂತ ಬಹಳ ಕಡಿಮೆಯಾದ್ದರಿಂದ, ಅದೇ ಕಾರ್ನೆಲ್‌ನಲ್ಲಿ ಆಕ್ವಿರ್ಕ್ ಕಟ್ಟಿದ್ದ ಗಿಡ್ಡ ಬೇರಿಂಗಿನ ಸೂತ್ರ ಇಲ್ಲಿ ಕೆಲಸಕ್ಕೆ ಬಂತು. ರಸ್ಟನ್ ಅಂಡ್ ಹಾರ್ನ್ಸ್‌ಬಿ ಕಂಪನಿಯ ಒಂದು ಡೀಸೆಲ್ ಇಂಜಿನ್ನಿನ ಬಿಗ್ ಎಂಡ್ ಬೇರಿಂಗ್ (ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡಿನ ದೊಡ್ಡ ತುದಿಯದು) ಆ ದಶಕದಿಂದಾಚೆಗೆ ಹೊಸ ವಿಧಾನಗಳನ್ನೆಲ್ಲ ಒರೆಗೆ ಹಚ್ಚುವ ಮಾದರಿಯಾಯಿತು.

ಈ ಲೆಕ್ಕಗಳೆಲ್ಲ ಕನೆಕ್ಟಿಂಗ್ ರಾಡ್ ಬಾಗುವುದೇ ಇಲ್ಲ ಎಂದು ನಂಬಿದ್ದವು. ಅದು ಬಾಗುತ್ತದೆ, ಅದೂ ಎಣ್ಣೆ ಪದರದ ದಪ್ಪಕ್ಕಿಂತ ಹೆಚ್ಚು. ಈ ಬಾಗುವಿಕೆಯನ್ನೂ ಒತ್ತಡವನ್ನೂ ಒಟ್ಟಿಗೆ ಬಿಡಿಸುವ ಪ್ರಬಂಧಗಳು 1985ರ ಸುಮಾರಿಗೆ ಬಂದವು.

ಈಗಿನ ತಲೆನೋವು ತೆಳು ಎಣ್ಣೆ. ಇಂಧನ ಉಳಿಸಲು ಗ್ರೇಡು ಇಳಿಯುತ್ತಲೇ ಇದೆ. ವಾಹನ ಇಂಜಿನಿಯರುಗಳ ಸಂಸ್ಥೆಯಾದ ಎಸ್‌ಎಇಯ ಮಾನದಂಡದಲ್ಲಿ, 150 ಡಿಗ್ರಿ ಸೆಲ್ಸಿಯಸ್‌ನಲ್ಲಿ ಜೋರಾಗಿ ಉಜ್ಜಿದಾಗ ಎಣ್ಣೆಗೆ ಇರಲೇಬೇಕಾದ ಕನಿಷ್ಠ ಸ್ನಿಗ್ಧತೆ (ಹರಿಯಲು ಒಡ್ಡುವ ತಡೆ, ಅಂದರೆ ಮಂದತನ) 20ರ ಗ್ರೇಡಿಗೆ 2.6 ಮಿಲಿಪಾಸ್ಕಲ್ ಸೆಕೆಂಡ್, 16ಕ್ಕೆ 2.3, 8ಕ್ಕೆ ಬರೀ 1.7. ತಣ್ಣೀರಿನದೇ ಸುಮಾರು 1! ಇಷ್ಟು ತೆಳುವಾದ ಪದರದಲ್ಲಿ ಲೋಹದ ಮೇಲ್ಮೈಯ ಉಬ್ಬುತಗ್ಗುಗಳು ಒಂದಕ್ಕೊಂದು ತಾಗತೊಡಗುತ್ತವೆ. ಸಿಗ್ನಲಿನಲ್ಲಿ ತಾನೇ ಆಫ್ ಆಗಿ ಮತ್ತೆ ಸ್ಟಾರ್ಟ್ ಆಗುವ ಕಾರಿನಲ್ಲಂತೂ ಪದರ ಪ್ರತಿ ಸಲವೂ ಹೊಸದಾಗಿ ಕಟ್ಟಿಕೊಳ್ಳಬೇಕು. ಹಾಗಾಗಿ ಒರಟುತನವನ್ನು ಸರಾಸರಿಯಾಗಿ ಸಮೀಕರಣಕ್ಕೆ ಸೇರಿಸುವ, ಪಟೀರ್ ಮತ್ತು ಚೆಂಗ್ 1978ರಲ್ಲಿ ಕೊಟ್ಟ ಉಪಾಯ ಇಂದಿನ ಸಾಫ್ಟ್‌ವೇರುಗಳಿಗೆ ಬೇಕೇಬೇಕು. ಆದರೂ ಬೇರಿಂಗಿನ ಅಳತೆಯನ್ನು ಮೊದಮೊದಲು ಗೊತ್ತುಮಾಡುವಾಗ ಇಂಜಿನಿಯರುಗಳು ಈಗಲೂ ಬೂಕರರ ನಕ್ಷೆಯನ್ನು ಬಳಸುವುದುಂಟು. ಅದು ಕ್ಷಣಾರ್ಧದಲ್ಲಿ ಉತ್ತರ ಕೊಡುತ್ತದೆ.