ಗಾರ್ಡ್ ಬಿಚ್ಚಿದವರನ್ನು ಬೈಯುವ ಮೊದಲು

ಸುರಕ್ಷತೆಯ ತಪಾಸಣೆಗೆ ಹೋದಾಗ ನಾನು ಮೊದಲು ನೋಡುವುದು ಗೋಡೆ ಮೇಲಿನ ಬೋರ್ಡ್‌ಗಳನ್ನಲ್ಲ, ಮಿಷನ್ ಪಕ್ಕದ ನೆಲವನ್ನು. ಓಡುವ ಭಾಗಕ್ಕೆ ಕೈ ತಗುಲದ ಹಾಗೆ ಮಿಷನ್‌ಗೆ ಹಾಕಿರುವ ಮುಚ್ಚಳ, ಅಂದರೆ ಗಾರ್ಡ್, ಬಿಚ್ಚಿ ಅಲ್ಲೇ ಒರಗಿಸಿಟ್ಟಿರುತ್ತಾರೆ. ಅದರ ಮೇಲೆ ದಪ್ಪಗೆ ಧೂಳು ಕೂತಿದ್ದರೆ ಇವತ್ತು ನಿನ್ನೆ ಬಿಚ್ಚಿದ್ದಲ್ಲ ಅಂತ ಅರ್ಥ. ಮ್ಯಾನೇಜರ್ ಹತ್ತಿರ ಕೇಳಿದರೆ ಉತ್ತರ ರೆಡಿ ಇರುತ್ತದೆ: "ಎಷ್ಟು ಹೇಳಿದರೂ ಕೇಳಲ್ಲ ಸಾರ್, ಇವರಿಗೆಲ್ಲ ಉಡಾಫೆ ಜಾಸ್ತಿ."

ಆಪರೇಟರ್ ಹತ್ತಿರ ಕೇಳಿ ನೋಡಿ, ಬೇರೆಯೇ ಕಥೆ ಬರುತ್ತದೆ. ಕನ್ವೇಯರ್ ಬೆಲ್ಟ್ ಒಂದು ಕಡೆ ಸರಿಯುತ್ತದೆ, ರೋಲರ್‌ನಲ್ಲಿ ಮಾಲು ಸಿಕ್ಕಿಕೊಳ್ಳುತ್ತದೆ, ಶಿಫ್ಟ್‌ಗೆ ಹತ್ತಾರು ಸಲ. ಪ್ರತಿ ಸಲ ಗಾರ್ಡ್‌ನ ಅಷ್ಟೂ ಬೋಲ್ಟ್ ಬಿಚ್ಚಬೇಕು, ಸ್ಪ್ಯಾನರ್ ನೋಡಿದರೆ ಮೇಂಟೆನೆನ್ಸ್ ರೂಮಿನಲ್ಲಿ, ಟಾರ್ಗೆಟ್ ಮಾತ್ರ ಅಷ್ಟೇ ಇರುತ್ತದೆ. ಆ ಜಾಗದಲ್ಲಿ ನೀವಿದ್ದರೂ ಬಿಚ್ಚಿಡ್ತಿದ್ರಿ ಅಲ್ವಾ? ಇಲ್ಲಿ ಮೊದಲು ರಿಪೇರಿಯಾಗಬೇಕಾದ್ದು ಬೆಲ್ಟ್. ಮಾಲು ಸಿಕ್ಕಿಕೊಳ್ಳುವುದು ನಿಂತರೆ ಯಾರೂ ಅಲ್ಲಿಗೆ ಕೈ ಹಾಕುವುದಿಲ್ಲ. ಅದಾದ ಮೇಲೆ ಬೋಲ್ಟ್ ಬದಲು ಕೀಲಿನ ಮೇಲೆ ತೆರೆಯುವ ಗಾರ್ಡ್ ಹಾಕಿಸಿ, ತೆರೆದ ಕೂಡಲೇ ಮಿಷನ್ ನಿಲ್ಲುವ ಹಾಗೆ ಇಂಟರ್‌ಲಾಕ್ ಕೊಡಿಸಿ. "ಜಾಗ್ರತೆ" ಅಂತ ಇನ್ನೊಂದು ಬೋರ್ಡ್ ಬೇಡ.

ಸ್ಟಾಪ್ ಬಟನ್ ಬಗ್ಗೆಯೂ ಹೇಳಿಬಿಡುತ್ತೇನೆ. ಬಟನ್ ಒತ್ತಿದರೆ ಮಿಷನ್ ನಿಲ್ಲುತ್ತದೆ, ಅದಕ್ಕೆ ಬರುವ ಕರೆಂಟ್ ನಿಲ್ಲುವುದಿಲ್ಲ. ಒಬ್ಬರು ಒಳಗೆ ಕೈ ಹಾಕಿರುತ್ತಾರೆ, ಆ ತುದಿಯಲ್ಲಿ ಇನ್ನೊಬ್ಬರು ಗೊತ್ತಿಲ್ಲದೆ ಸ್ಟಾರ್ಟ್ ಒತ್ತುತ್ತಾರೆ. ಅದಕ್ಕೇ ಲಾಕ್‌ಔಟ್ ಇರುವುದು. ಮೇನ್ ಸ್ವಿಚ್ ಆಫ್ ಮಾಡಿ ಅದಕ್ಕೆ ಬೀಗ ಹಾಕಬೇಕು, ಕೀ ಕೆಲಸ ಮಾಡುವವರ ಜೇಬಿನಲ್ಲೇ ಇರಬೇಕು, ಮೂರು ಜನ ಕೆಲಸ ಮಾಡುತ್ತಿದ್ದರೆ ಮೂರು ಬೀಗ. ಸೂಪರ್‌ವೈಸರ್ ಹತ್ತಿರ ಡೂಪ್ಲಿಕೇಟ್ ಕೀ ಇದೆ, ಕೇಳಿದವರಿಗೆಲ್ಲ ಕೊಡುತ್ತಾರೆ ಅಂದರೆ ಆ ಬೀಗ ಸುಮ್ನೆ ತೋರಿಕೆಗೆ. ಬೀಗ ಹಾಕಿದ ಮೇಲೆ ಪೈಪಿನಲ್ಲಿ ಉಳಿದ ಗಾಳಿಯ ಒತ್ತಡ ಬಿಡಬೇಕು, ಮೇಲೆತ್ತಿದ ಭಾಗವಿದ್ದರೆ ಕೆಳಗಿಳಿಸಬೇಕು ಇಲ್ಲವೇ ಆಧಾರ ಕೊಡಬೇಕು. ಕೊನೆಗೆ ಒಂದು ಸಲ ಸ್ಟಾರ್ಟ್ ಒತ್ತಿ, ಓಡುವುದಿಲ್ಲ ಅಂತ ಖಾತ್ರಿ ಮಾಡಿಕೊಳ್ಳಬೇಕು. ಅವಸರದಲ್ಲಿ ಜನ ಬಿಟ್ಟುಬಿಡುವುದು ಈ ಕೊನೆಯದನ್ನೇ.

ಹೆಲ್ಮೆಟ್, ಮಾಸ್ಕ್, ಇಯರ್‌ಪ್ಲಗ್ ಬೇಡ ಅಂತ ನಾನು ಹೇಳುತ್ತಿಲ್ಲ, ಆದರೆ ಅವುಗಳ ಸರದಿ ಕೊನೆಗೆ. ಕಲ್ಲು, ಕಾಂಕ್ರೀಟ್ ಕತ್ತರಿಸುವ ಕಡೆ ಏಳುವ ಸಿಲಿಕಾ ಧೂಳನ್ನೇ ತೆಗೆದುಕೊಳ್ಳಿ. ಶ್ವಾಸಕೋಶದ ಆಳಕ್ಕೆ ಇಳಿಯುವ ಕಣ ಕಣ್ಣಿಗೆ ಕಾಣುವುದೇ ಇಲ್ಲ. ಅದರಿಂದ ಸಿಲಿಕೋಸಿಸ್ ಅನ್ನುವ ಶ್ವಾಸಕೋಶದ ಕಾಯಿಲೆ ಬಂದರೆ ವಾಸಿಯಾಗುವುದಿಲ್ಲ. ಬ್ಲೇಡಿನ ಮೇಲೆ ನೀರು ಬಿಟ್ಟು ಕತ್ತರಿಸಿದರೆ ಬಹುಪಾಲು ಧೂಳು ಏಳುವುದಿಲ್ಲ, ಏಳುವುದನ್ನು ಅಲ್ಲೇ ಎಳೆದುಕೊಳ್ಳುವ ಯಂತ್ರ ಇಡಬಹುದು. ಇದ್ಯಾವುದನ್ನೂ ಮಾಡದೆ ಮಾಸ್ಕ್ ಹಂಚಿದರೆ, ಗಡ್ಡ ಬಿಟ್ಟವರ ಮುಖಕ್ಕೆ ಅದು ಸರಿಯಾಗಿ ಕೂರುವುದೇ ಇಲ್ಲ, ಸಂದಿಯಿಂದ ಧೂಳು ಒಳಗೆ ಹೋಗುತ್ತಲೇ ಇರುತ್ತದೆ, ರಿಜಿಸ್ಟರಿನಲ್ಲಿ ಮಾತ್ರ "ಮಾಸ್ಕ್ ಕೊಡಲಾಗಿದೆ" ಅಂತ ಸಹಿ ಇರುತ್ತದೆ. ಸದ್ದಿನದೂ ಇದೇ ಪಾಡು. 85 ಡೆಸಿಬಲ್‌ನಲ್ಲಿ 8 ಗಂಟೆ ಅನ್ನುವುದು ಹೆಚ್ಚು ಕಡೆ ಬಳಸುವ ಮಿತಿ. ಬರೀ 3 ಡೆಸಿಬಲ್ ಜಾಸ್ತಿಯಾದರೆ ಕಿವಿಗೆ ತಲುಪುವ ಶಕ್ತಿ ಎರಡರಷ್ಟಾಗುತ್ತದೆ. ಆಗ ಅವಧಿ 4 ಗಂಟೆಗೆ ಇಳಿಯಬೇಕು, 91ಕ್ಕೆ ಹೋದರೆ 2 ಗಂಟೆಗೆ.

ಆಫೀಸಿನವರು ಇದೆಲ್ಲ ನಮಗಲ್ಲ ಅಂದುಕೊಳ್ಳಬೇಡಿ. ಕುರ್ಚಿ, ಸ್ಕ್ರೀನ್ ಎತ್ತರ ಎಲ್ಲರಿಗೂ ಗೊತ್ತಿರುವ ವಿಷಯ, ಬಿಡಿ. ನನಗೆ ಚಿಂತೆ ಇರುವುದು ಕೆಲಸದ ಗಂಟೆಗಳ ಬಗ್ಗೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲಿ ಒಟ್ಟಿಗೆ ಹೇಳಿದ್ದು ಹೀಗಿದೆ: ವಾರಕ್ಕೆ 35-40 ಗಂಟೆ ದುಡಿಯುವವರಿಗೆ ಹೋಲಿಸಿದರೆ, 55 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ ಅಂದಾಜು 35% ಹೆಚ್ಚು. ಬೆಲ್ಟಿನ ಮಾತು ಇಲ್ಲಿಗೂ ಅನ್ವಯಿಸುತ್ತದೆ. ಮೂರು ಜನರ ಕೆಲಸ ಇಬ್ಬರ ತಲೆ ಮೇಲೆ ಹಾಕಿ, ಒತ್ತಡ ನಿಭಾಯಿಸುವುದು ಹೇಗೆ ಅಂತ ತರಬೇತಿ ಇಟ್ಟರೆ ಏನು ಬಂತು?

ಇನ್ನು "ಅಪಘಾತವಿಲ್ಲದ ದಿನಗಳು" ಅಂತ ಗೇಟಿನಲ್ಲಿ ನೇತುಹಾಕುವ ಬೋರ್ಡ್. ಅದಕ್ಕೆ ಬಹುಮಾನವನ್ನೂ ಸೇರಿಸಿದರೆ ನನ್ನ ಪ್ರಕಾರ ಅದರಷ್ಟು ಕೆಟ್ಟ ಐಡಿಯಾ ಇನ್ನೊಂದಿಲ್ಲ. ಬೆರಳು ಕೊಯ್ದುಕೊಂಡವರು ಕರ್ಚೀಫು ಸುತ್ತಿಕೊಂಡು ಸುಮ್ಮನಾಗುತ್ತಾರೆ, ಎಲ್ಲರ ಬಹುಮಾನ ನಮ್ಮಿಂದ ತಪ್ಪುವುದು ಬೇಡ ಅಂತ. ಸ್ವಲ್ಪದರಲ್ಲಿ ತಪ್ಪಿದ ಘಟನೆಗಳ ಸುದ್ದಿಯಂತೂ ಬರುವುದೇ ಇಲ್ಲ. ಮೇಲಿಂದ ಸ್ಪ್ಯಾನರ್ ಬಿತ್ತು, ಯಾರಿಗೂ ತಗುಲಲಿಲ್ಲ, ಮುಗಿಯಿತು. ಆದರೆ ನಮಗೆ ಬೇಕಾದ ಸುದ್ದಿಯೇ ಅದು, ಯಾಕೆಂದರೆ ಅದು ಇನ್ನೊಮ್ಮೆ ಬೀಳುತ್ತದೆ. ತಿಂಗಳಿಗೆ ಒಂದೂ ಇಂಥ ವರದಿ ಬರದಿದ್ದರೆ ನಾನು ಖುಷಿಪಡುವುದಿಲ್ಲ, ಹೇಳಲು ಜನ ಹೆದರುತ್ತಿದ್ದಾರೆ ಅಂತಲೇ ಲೆಕ್ಕ ಹಾಕುತ್ತೇನೆ.

ಜೀವಕ್ಕೆ ಕುತ್ತು ಇದೆ ಅಂತ ಸಕಾರಣವಾಗಿ ಅನ್ನಿಸಿ ಕೆಲಸ ಬಿಟ್ಟು ಹೊರಬಂದವರಿಗೆ ಅದರಿಂದ ತೊಂದರೆಯಾಗಬಾರದು ಅಂತ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1981ರ 155ನೇ ಒಪ್ಪಂದದಲ್ಲೇ ಇದೆ. ಕಾಗದದ ಮೇಲೆ ಇದ್ದರೆ ಸಾಲದು. ಮೊದಲ ಸಲ ಯಾರಾದರೂ ಲೈನ್ ನಿಲ್ಲಿಸಿದಾಗ ಸೂಪರ್‌ವೈಸರ್ ಏನು ಮಾಡುತ್ತಾರೆ ಅಂತ ಇಡೀ ಶಿಫ್ಟ್ ನೋಡುತ್ತಿರುತ್ತದೆ. ಹೋಗಿ ನೋಡಿದರೆ ಅಪಾಯವೇ ಇರಲಿಲ್ಲ ಅಂತ ಗೊತ್ತಾದರೂ ಪರವಾಗಿಲ್ಲ, "ನಿಲ್ಲಿಸಿದ್ದು ಒಳ್ಳೆಯದಾಯಿತು, ಈಗ ಶುರು ಮಾಡೋಣ" ಅಂತ ಎಲ್ಲರ ಎದುರು ಹೇಳಿ. ಆ ಹೊತ್ತಿನಲ್ಲಿ ಕಡಿಮೆಯಾದ ಉತ್ಪಾದನೆಯನ್ನು ಅವರ ಲೆಕ್ಕಕ್ಕೆ ಬರೆಯಬೇಡಿ.