ಶೆವ್ರಾನ್ ಡೆಫರೆನ್ಸ್: ಕಾನೂನು ಬಾಯಿ ಬಿಡದಿದ್ದಾಗ ಯಾರ ಮಾತು ನಡೆಯಬೇಕು?

ಶೆವ್ರಾನ್ ಒಂದು ತೈಲ ಕಂಪನಿ. ಡೆಫರೆನ್ಸ್ ಅಂದರೆ ಇನ್ನೊಬ್ಬರ ಮಾತಿಗೆ ಮನ್ನಣೆ ಕೊಡುವುದು. ಇವೆರಡೂ ಸೇರಿ ಅಮೆರಿಕದ ಫೆಡರಲ್ ಕಾನೂನಿನಲ್ಲಿ 40 ವರ್ಷ ನಡೆದ ಒಂದು ತತ್ವದ ಹೆಸರಾಯಿತು. ಅಲ್ಲಿನ ಸಂಸತ್ತಾದ ಕಾಂಗ್ರೆಸ್ ಮಾಡಿದ ಕಾನೂನಿನಲ್ಲಿ ಒಂದು ಪದ ಸ್ಪಷ್ಟವಾಗಿಲ್ಲ ಅಂದುಕೊಳ್ಳಿ. ಅದನ್ನು ಜಾರಿ ಮಾಡುವ ಇಲಾಖೆ ಒಪ್ಪಬಹುದಾದ ಒಂದು ಅರ್ಥ ಹೇಳಿದರೆ ಸಾಕು. ಜಡ್ಜ್‌ಗೆ ಬೇರೆ ಅರ್ಥವೇ ಸರಿ ಅನ್ನಿಸಿದರೂ ಇಲಾಖೆಯ ಮಾತೇ ನಡೆಯಬೇಕು ಎನ್ನುತ್ತಿತ್ತು ಆ ತತ್ವ.

ಇದು ಶುರುವಾಗಿದ್ದು ಕಾರ್ಖಾನೆ ಹೊಗೆಯಿಂದ. ಗಾಳಿ ಕೆಟ್ಟಿರುವ ಕಡೆ ಹೊಗೆಯ ಹೊಸ 'ಮೂಲ' ಶುರುಮಾಡಲು ಕಠಿಣ ಪರವಾನಗಿ ಬೇಕು ಎನ್ನುತ್ತಿತ್ತು ಕಾನೂನು. ಮೂಲ ಅಂದರೆ ಯಾವುದು? ಒಂದೊಂದು ಚಿಮಣಿಯೋ, ಇಡೀ ಕಾರ್ಖಾನೆಯೋ? 1981ರಲ್ಲಿ ರೇಗನ್ ಸರ್ಕಾರದ ಪರಿಸರ ಇಲಾಖೆ ಇಡೀ ಕಾರ್ಖಾನೆ ಎಂದಿತು. ಮೇಲೊಂದು ಗುಳ್ಳೆ ಕವುಚಿದಂತೆ ನೋಡಿ, ಒಳಗಿನ ಒಟ್ಟು ಹೊಗೆ ಜಾಸ್ತಿಯಾಗದಿದ್ದರೆ ಆಯಿತು. ಪರಿಸರವಾದಿಗಳು ಕೋರ್ಟಿಗೆ ಹೋದರು. ಇಲಾಖೆಯ ಪರ ನಿಂತ ಶೆವ್ರಾನ್ ಕಂಪನಿಯ ಹೆಸರೇ ಕೇಸಿಗೆ ಬಂತು. 1984ರಲ್ಲಿ ಸುಪ್ರೀಂ ಕೋರ್ಟ್ ಇಲಾಖೆಯ ಮಾತನ್ನೇ ಎತ್ತಿಹಿಡಿಯಿತು. ಪರಿಸರವಾದಿಗಳು ಸೋತ ಈ ತೀರ್ಪೇ ಮುಂದೆ ಪರಿಸರ ನಿಯಮಗಳಿಗೆ ಗುರಾಣಿಯಾಯಿತು. ಇಲಾಖೆ ಬಿಗಿ ನಿಯಮ ತಂದಾಗಲೂ ಅದೇ ತತ್ವ ಕಾಯುತ್ತಿತ್ತಲ್ವಾ!

ಅದನ್ನು ಕೆಡವಿದ್ದು ಹೆರಿಂಗ್ ಮೀನು ಹಿಡಿಯುವವರು ಹಾಕಿದ ಕೇಸು. ದೋಣಿಯಲ್ಲಿ ಸರ್ಕಾರದ ನಿಯಮದಂತೆ ಒಬ್ಬ ವೀಕ್ಷಕ ಇರಬೇಕು. ಇಕ್ಕಟ್ಟಿನ ದೋಣಿಯಲ್ಲಿ ಅವನಿಗೆ ಜಾಗ ಬಿಡಬೇಕು, ಮೇಲಿಂದ ಅವನ ಕೂಲಿಯೂ ದೋಣಿಯವರದೇ ಎಂದಿತು ಇಲಾಖೆ. ದಿನಕ್ಕೆ 710 ಡಾಲರ್‌ವರೆಗೆ ಆಗಬಹುದೆಂದು ಸರ್ಕಾರವೇ ಲೆಕ್ಕ ಹಾಕಿತ್ತು. ಈ ಮೀನುಗಾರಿಕೆಯಲ್ಲಿ ಆ ದುಡ್ಡು ಯಾರು ಕೊಡಬೇಕೆಂದು ಕಾನೂನು ಹೇಳಿಯೇ ಇರಲಿಲ್ಲ. ಲೋಪರ್ ಬ್ರೈಟ್ ಎಂದು ಹೆಸರಾದ ಈ ಕೇಸಿನಲ್ಲಿ, 2024ರ ಜೂನ್ 28ರಂದು ಸುಪ್ರೀಂ ಕೋರ್ಟ್ ಶೆವ್ರಾನ್ ತತ್ವವನ್ನೇ ರದ್ದು ಮಾಡಿತು. ಕಾನೂನಿನ ಅರ್ಥ ಹೇಳುವುದು ಜಡ್ಜ್‌ಗಳ ಕೆಲಸ, ಇಲಾಖೆಯ ಮಾತನ್ನು ಕೇಳಿಸಿಕೊಳ್ಳಬಹುದು, ಆದರೆ ಅದಕ್ಕೆ ತಲೆಬಾಗಬೇಕಿಲ್ಲ ಎಂದರು ಮುಖ್ಯ ನ್ಯಾಯಮೂರ್ತಿ ರಾಬರ್ಟ್ಸ್. ಹಳೆಯ ತೀರ್ಪುಗಳು ಮಾತ್ರ ಹಾಗೇ ಉಳಿಯುತ್ತವೆ.

ಮೀನುಗಾರರ ಸಂಕಟ ನನಗೆ ಅರ್ಥವಾಗುತ್ತದೆ. ಸರ್ಕಾರ ಬದಲಾದಾಗಲೆಲ್ಲ ಒಂದೇ ಪದದ ಅರ್ಥ ಬದಲಾಗುವುದೂ ಸರಿಯಲ್ಲ. ಆದರೆ ಭಿನ್ನ ತೀರ್ಪು ಬರೆದ ನ್ಯಾಯಮೂರ್ತಿ ಕೇಗನ್ ಎತ್ತಿದ ಪ್ರಶ್ನೆ ನನ್ನನ್ನು ಬಿಡುವುದಿಲ್ಲ. ಅಮೈನೋ ಆಮ್ಲಗಳ ಸರಪಳಿ ಯಾವಾಗ ಪ್ರೋಟೀನ್ ಅನ್ನಿಸಿಕೊಳ್ಳುತ್ತದೆ? ಔಷಧ ಇಲಾಖೆಯ ವಿಜ್ಞಾನಿಗಳು ವರ್ಷಗಟ್ಟಲೆ ತಲೆಕೆಡಿಸಿಕೊಳ್ಳುವ ಇಂಥ ವಿಷಯದಲ್ಲಿ ಕೊನೆಯ ಮಾತು ಜಡ್ಜ್‌ದಾಗುವುದು ನನಗೆ ಭಯ ಹುಟ್ಟಿಸುತ್ತದೆ.

ಅಲ್ಲಿರುವ ನಮ್ಮ ಕನ್ನಡದ ಕುಟುಂಬಗಳಿಗೂ ಇದರ ಬಿಸಿ ತಟ್ಟಬಹುದಿತ್ತು. ಎಚ್-1ಬಿ ವೀಸಾದಲ್ಲಿದ್ದು ಗ್ರೀನ್ ಕಾರ್ಡಿಗೆ ಕಾಯುತ್ತಿರುವವರ ಗಂಡ ಅಥವಾ ಹೆಂಡತಿ ಕೆಲಸ ಮಾಡಬಹುದು ಅನ್ನುವುದು 2015ರಲ್ಲಿ ಇಲಾಖೆ ತಂದ ನಿಯಮ, ಕಾಂಗ್ರೆಸ್ ನೇರವಾಗಿ ಬರೆದದ್ದಲ್ಲ. ಶೆವ್ರಾನ್ ಬಿದ್ದಮೇಲೆ ಇದೂ ಬೀಳುತ್ತದೆ ಎಂದು ಹಲವರು ಹೆದರಿದ್ದರು. 2024ರ ಆಗಸ್ಟ್‌ನಲ್ಲಿ ವಾಷಿಂಗ್ಟನ್‌ನ ಮೇಲ್ಮನವಿ ಕೋರ್ಟ್ ನಿಯಮವನ್ನು ಉಳಿಸಿತು. ಅದಕ್ಕೆ ಶೆವ್ರಾನ್ ಆಸರೆ ಬೇಕಾಗಲಿಲ್ಲ. 2025ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಈ ಕೇಸನ್ನು ಕೈಗೆತ್ತಿಕೊಳ್ಳಲು ಒಪ್ಪಲಿಲ್ಲ.