ಹೊಟ್ಟೆ ಬಿಗಿ ಹಿಡಿದು ಊದಿದರೆ ಟ್ರಂಪೆಟ್ ಸ್ವರ ಗಟ್ಟಿಯಾಗುತ್ತಾ?

ಪ್ರಶ್ನೆ: ಟ್ರಂಪೆಟ್ ಕಲಿಯುತ್ತಿದ್ದೇನೆ. ಎರಡು ಸಾಲು ನುಡಿಸುವಷ್ಟರಲ್ಲಿ ದಮ್ಮು ಹೋಗುತ್ತೆ. ಸ್ವರ ತೆಳ್ಳಗೆ, ಕೀರಲಾಗಿ ಬರುತ್ತೆ. ಬ್ಯಾಂಡಿನ ಹಿರಿಯರು ‘ಹೊಟ್ಟೆ ಬಿಗಿ ಹಿಡಿದು ಊದು’ ಅಂತಾರೆ. ಏನು ಮಾಡಲಿ ಸರ್?

ಇದಕ್ಕೆ ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕವಿಲ್ಲ. ಆದರೂ ಹೊಸಬರು ಕೇಳುತ್ತಲೇ ಇರುತ್ತಾರೆ, ಯಾಕಂದ್ರೆ ಬಿಗಿ ಹೊಟ್ಟೆಯ ಪಾಠ ಇನ್ನೂ ನಿಂತಿಲ್ಲ. ದಯವಿಟ್ಟು ಮೊದಲು ಅದನ್ನು ಬಿಡಿ.

ನಂಬಿಕೆ ಬರದಿದ್ದರೆ ಈಗಲೇ ನೋಡಿ. ಹೊಟ್ಟೆಯನ್ನು ಗಟ್ಟಿಯಾಗಿ ಬಿಗಿ ಹಿಡಿಯಿರಿ. ಸಡಿಲ ಬಿಡದೆ ಉಸಿರು ಎಳೆದುಕೊಳ್ಳಿ. ಭುಜ ಮೇಲಕ್ಕೆ ಹೋಯಿತು, ಉಸಿರು ಅರ್ಧಕ್ಕೇ ನಿಂತಿತು, ಅಲ್ವಾ? ಶ್ವಾಸಕೋಶದ ಕೆಳಗಿರುವ ವಪೆ ಶಾಲೆಯ ಪಾಠದಲ್ಲಿ ಬಂದಿತ್ತು, ನೆನಪಿರಬೇಕು. ಡಯಾಫ್ರಮ್ ಅಂತಾರಲ್ಲ, ಅದೇ. ಉಸಿರು ಎಳೆಯುವಾಗ ಅದು ಕೆಳಗಿಳಿಯುತ್ತೆ. ಅದಕ್ಕೆ ಜಾಗ ಬೇಕು, ಹಾಗಾಗಿ ಹೊಟ್ಟೆ ಮುಂದೆ ಬರಬೇಕು. ನೀವು ಬಿಗಿ ಹಿಡಿದು ಆ ಜಾಗವನ್ನೇ ಮುಚ್ಚಿಬಿಟ್ಟಿರಿ. ಎರಡು ಸಾಲಿಗೇ ದಮ್ಮು ಹೋಗೋದು ಇದರಿಂದಲೇ. ಹೋಗೋದಕ್ಕೆ ಒಳಗೆ ಬಂದಿದ್ದೇ ಅಷ್ಟು.

‘ಡಯಾಫ್ರಮ್‌ನಿಂದ ತಳ್ಳು’ ಅನ್ನುವವರೂ ಇದ್ದಾರೆ. ಅದು ಉಸಿರು ಎಳೆಯುವ ಸ್ನಾಯು, ತಳ್ಳುವುದಲ್ಲ. ಊದುವಾಗ ಸಡಿಲವಾಗಿ ಮೇಲಕ್ಕೆ ಹೋಗುತ್ತೆ. ತಳ್ಳುವ ಕೆಲಸ ಹೊಟ್ಟೆಯ ಸ್ನಾಯುಗಳದ್ದು, ಪಕ್ಕೆಲುಬುಗಳ ನಡುವಿನ ಸ್ನಾಯುಗಳದ್ದು. ಜೋರಾಗಿ, ಮೇಲಿನ ಸ್ವರ ಊದುವಾಗ ಅವು ಗಟ್ಟಿಯಾಗೋದು ನಿಜ. ಆದರೆ ಊದಿದ್ದಕ್ಕೆ ಗಟ್ಟಿಯಾಗುತ್ತವೆ. ಹಿರಿಯರಿಗೆ ಆ ಬಿಗಿ ಅನುಭವಕ್ಕೆ ಬಂದಿರುತ್ತೆ, ಅದನ್ನೇ ಪಾಠ ಮಾಡಿ ಹೇಳುತ್ತಾರೆ. ಮೊದಲೇ ಬಿಗಿ ಹಿಡಿದರೆ ಗಂಟಲೂ ಕಟ್ಟಿಕೊಳ್ಳುತ್ತೆ, ಮೂಟೆ ಎತ್ತುವಾಗ ಆಗುತ್ತಲ್ಲ ಹಾಗೆ. ತುಟಿಗೆ ಗಾಳಿಯೇ ಸಾಲದೆ ಸ್ವರ ಕೀರಲಾಗುತ್ತೆ.

ಆರ್ನಲ್ಡ್ ಜೇಕಬ್ಸ್ 1944ರಿಂದ 1988ರವರೆಗೆ ಅಮೆರಿಕದ ಷಿಕಾಗೊ ಸಿಂಫನಿ ವಾದ್ಯವೃಂದದಲ್ಲಿ ಟ್ಯೂಬಾ ನುಡಿಸಿದವರು. ಟ್ರಂಪೆಟಿನಂತೆಯೇ ತುಟಿಯಿಂದ ಊದುವ ದೊಡ್ಡ ಹಿತ್ತಾಳೆ ವಾದ್ಯ ಅದು. ಟ್ಯೂಬಾಗೆ ಗಾಳಿ ತುಂಬಾ ಬೇಕು, ಅವರಿಗೋ ಆಸ್ತಮಾ. ಅಂಥವರೇ ಶಿಷ್ಯರಿಗೆ ಹೇಳಿಕೊಟ್ಟಿದ್ದು ಇಷ್ಟು: ಸ್ನಾಯುವಿನ ಯೋಚನೆ ಬಿಡಿ, ಬೇಕಾದ ಸ್ವರವನ್ನು ಮನಸ್ಸಿನಲ್ಲಿ ಕೇಳಿಸಿಕೊಂಡು ಗಾಳಿ ಹರಿಸಿ.

ಇನ್ನು ಅಭ್ಯಾಸ. ಟಿಕ್ ಟಿಕ್ ಅಂತ ಲಯ ಹಿಡಿದು ಕೊಡುವ ಮೆಟ್ರೊನೋಮ್ ಅನ್ನು ನಿಮಿಷಕ್ಕೆ 60ಕ್ಕೆ ಇಡಿ. ನಾಲ್ಕು ಎಣಿಕೆ ಬಾಯಿಂದ ನಿಧಾನವಾಗಿ ಉಸಿರು ತಗೊಳ್ಳಿ, ತಡೆದು ನಿಲ್ಲಿಸಬೇಡಿ, ಎಂಟು ಎಣಿಕೆ ಮಧ್ಯದ ಒಂದೇ ಸ್ವರ ಊದಿ. ಮೆತ್ತಗೆ. ಕೊನೆಯ ಎಣಿಕೆಯಲ್ಲೂ ಸ್ವರ ನಡುಗಬಾರದು. ಹಾಡಿನ ನೊಟೇಶನ್‌ನಲ್ಲಿ ಉಸಿರು ತಗೊಳ್ಳೋ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿ. ಮೆರವಣಿಗೆಯಲ್ಲಿ ನಡೆಯುತ್ತಾ ಊದುವವರಿಗೆ ಇದು ಬೇಕೇ ಬೇಕು.

ಬಲಗೈ ಕಿರುಬೆರಳನ್ನೂ ನೋಡಿಕೊಳ್ಳಿ. ಅದು ಟ್ರಂಪೆಟಿನ ಮೇಲಿರುವ ಬೆರಳಿನ ಕೊಕ್ಕೆಯೊಳಗಿದ್ದರೆ ಮೇಲಿನ ಸ್ವರ ಬಂದಾಗಲೆಲ್ಲ ನಿಮಗೇ ಗೊತ್ತಿಲ್ಲದೆ ಟ್ರಂಪೆಟನ್ನು ತುಟಿಗೆ ಎಳೆಯುತ್ತೆ. ನುಡಿಸಿದ ಮೇಲೆ ತುಟಿಯ ಮೇಲೆ ಮೌತ್‌ಪೀಸಿನ ಉಂಗುರ ಆಳವಾಗಿ ಮೂಡಿದ್ದರೆ ಬಹುಶಃ ಅದೇ ಕಾರಣ. ಒತ್ತಿ ಹಿಡಿದ ತುಟಿ ಸರಿಯಾಗಿ ಕಂಪಿಸಲ್ಲ. 440 ಹರ್ಟ್ಸ್ ಸ್ವರ ಬರಬೇಕಾದರೆ ತುಟಿ ಸೆಕೆಂಡಿಗೆ 440 ಸಲ ತೆರೆದು ಮುಚ್ಚಬೇಕು. ಬೆರಳನ್ನು ಕೊಕ್ಕೆಯ ಮೇಲೆ ಸುಮ್ನೆ ಇಟ್ಟು ನುಡಿಸಿ.

ತುಟಿಯ ಮಾತು ಬಂತು, ನೀವು ಕೇಳದ ಒಂದು ವಿಷಯವನ್ನೂ ಹೇಳುತ್ತೇನೆ. ನಮ್ಮ ಜಾತ್ರೆಗಳ ಕೊಂಬು ಕಹಳೆಗೆ ಟ್ರಂಪೆಟಿನಂತೆ ಬೆರಳಿಂದ ಒತ್ತಿ ಸ್ವರ ಬದಲಿಸುವ ವಾಲ್ವ್ ಇಲ್ಲ, ಕೊಳಲಿನಂತೆ ತೂತಿಲ್ಲ. ಸ್ವರ ಬದಲಾಗೋದು ತುಟಿ ಮತ್ತು ಗಾಳಿಯಿಂದ ಮಾತ್ರ. ಟ್ರಂಪೆಟಿನಲ್ಲೂ ಒಂದೂ ವಾಲ್ವ್ ಒತ್ತದೆ ಸ, ಪ, ಮೇಲಿನ ಸ, ಗ, ಪ ಇಷ್ಟೂ ಬರುತ್ತವೆ. ಕಹಳೆಯವರು ಟ್ರಂಪೆಟ್ ಹಿಡಿದರೆ ಮೌತ್‌ಪೀಸ್ ಹೊಸದು, ಬೆರಳಿನ ಪಾಠ ಹೊಸದು. ತುಟಿ ಆಗಲೇ ಪಳಗಿರುತ್ತೆ. ನೀವೂ ದಿನಾ ಮೊದಲ ಹತ್ತು ನಿಮಿಷ ವಾಲ್ವ್ ಮುಟ್ಟದೆ ಸ–ಪ–ಸ, ಒಂದೇ ಉಸಿರಿನಲ್ಲಿ, ನಾಲಿಗೆ ತಾಗಿಸದೆ ಜಾರಿಸಿ. ತುಟಿ ದಣಿದರೆ ಅಷ್ಟೇ ಹೊತ್ತು ಬಿಡುವು ಕೊಟ್ಟು ಆಮೇಲೆ ಹಾಡಿಗೆ ಹೋಗಿ.